ಕಾರ್ಡ್ ಅಂಚು ಸ್ಯಾಂಡ್ ಪೇಪರಲ್ಲಿ ಉಜ್ಜಿದ್ರೆ ಬಿಳಿ ಗೆರೆ ಬರ್ತಿಲ್ಲ, ಬರೀ ನಾರು ಏಳ್ತಿದೆ, ಏನ್ ಮಾಡ್ಲಿ?

ಕಬ್ಬಿನಗದ್ದೆ, ಮಂಡ್ಯ

ಎಲ್ರಿಗೂ ನಮಸ್ಕಾರ. ಈ ಸ್ಕ್ರಾಪ್‌ಬುಕ್ಕು ಗಿಕ್‌ಬುಕ್ಕಿಗೆಲ್ಲ ನಾನು ಹೊಸಬ್ಳು, ತಪ್ಪಿದ್ರೆ ಬೈಬೇಡಿ. ಶ್ರಾವಣಕ್ಕೆ ನಮ್ಮಪ್ಪ ಅಮ್ಮನ ಮದ್ವೆ ಆಗಿ 40 ವರ್ಷ ತುಂಬುತ್ತೆ, ಅದಕ್ಕೆ ಅವ್ರ ಹಳೇ ಫೋಟೋಗಳು, ಲಗ್ನಪತ್ರಿಕೆ, ಮದ್ವೆ ಆದ ಹೊಸದ್ರಲ್ಲಿ ಕೆಆರ್‌ಎಸ್‌ಗೆ ಹೋಗಿದ್ದ ಬಸ್ ಟಿಕೆಟ್ಟು (ಅಮ್ಮ ಅದನ್ನೂ ಎತ್ತಿಟ್ಟವ್ಳೆ ನೋಡಿ) ಎಲ್ಲ ಸೇರ್ಸಿ ಒಂದು ಆಲ್ಬಮ್ ಮಾಡೋಣ ಅಂತ ಕೂತಿದೀನಿ. ವಿಡಿಯೋಗಳಲ್ಲಿ ಕಲರ್ ಕಾರ್ಡಿನ ಅಂಚನ್ನ ಸ್ಯಾಂಡ್ ಪೇಪರಲ್ಲಿ ಹಿಂಗ್ ಹಿಂಗ್ ಅಂತ ಉಜ್ತಾರೆ, ಅಂಚಿಗೆ ಚೆಂದಕ್ಕೆ ಬಿಳಿ ಗೆರೆ ಬರುತ್ತೆ, ಹಳೇ ಪೆಟ್ಟಿಗೇಲಿ ಇಟ್ಟಿದ್ದ ಕಾಗದದ ತರ ಕಾಣುತ್ತೆ. ನಾನು ಮಾಡಿದ್ರೆ ಏನಾಯ್ತು ಗೊತ್ತಾ, ಕೆಂಪು ಹಾಳೆ ಕೆಂಪಾಗೇ ಇದೆ, ಅಂಚಲ್ಲಿ ಮಾತ್ರ ಹಳೇ ಸ್ವೆಟರ್ ತರ ನಾರು ನಾರು ಎದ್ದು ನಿಂತಿದೆ, ಎರಡನೇ ಹಾಳೆ ಮೂಲೆ ಹರಿದೇ ಹೋಯ್ತು.

ಹಾಳೆ ಇಲ್ಲೇ ಸ್ಟೇಷನರಿ ಅಂಗಡೀದು, ದಪ್ಪ ಇದೆ. ಸ್ಯಾಂಡ್ ಪೇಪರ್ ಹಾರ್ಡ್‌ವೇರ್ ಅಂಗಡೀಲಿ ತಗೊಂಡಿದ್ದು, ನಾನು ದೊಡ್ಡ ಕನ್ನಡ ಪಂಡಿತೆ ತರ ಮರಳು ಕಾಗದ ಕೊಡಿ ಅಂದೆ, ಅಂಗಡಿಯವ್ರು ನನ್ನ ಮುಖ ನೋಡಿ ಮರಳು ಟ್ರ್ಯಾಕ್ಟರ್ ಲೆಕ್ಕದಲ್ಲಿ ಸಿಗುತ್ತಮ್ಮ ಅಂದ್ರು, ಆಮೇಲೆ ಹಿಂದೆ 80 ಅಂತ ಬರೆದಿರೋದು ಒಂದು ಕೊಟ್ರು. ಇನ್ನೊಂದು ತೊಂದ್ರೆ, ರಟ್ಟಿನ ಮೇಲೆ ಡಿಸೈನ್ ಪೇಪರ್ ಅಂಟಿಸಿ ಅಂಚು ಸಮ ಮಾಡೋಕೆ ಉಜ್ಜಿದ್ರೆ ಪೇಪರ್ರೇ ಕಿತ್ಕೊಂಡು ಮೇಲೆ ಬರ್ತಿದೆ. ಆಮೇಲೆ ಫೋಟೋ ಅಂಚನ್ನೂ ಹಿಂಗೇ ಉಜ್ಜಬೋದಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಇನ್ನು ಒಂದು ತಿಂಗಳೂ ಇಲ್ಲ.

ಅಗ್ರಹಾರದಕ್ಕ, ಮೈಸೂರು

ಕೆಂಪು ಕೆಂಪಾಗೇ ಇರೋದಕ್ಕೆ ನಿನ್ನ ಕೈ ಕಾರಣ ಅಲ್ಲಮ್ಮ, ಹಾಳೇನೇ ಹಂಗಿದೆ. ಕಲರ್ ಹಾಳೆಲಿ ಎರಡು ಜಾತಿ. ಒಂದು, ತಿರುಳಲ್ಲೇ ಬಣ್ಣ ಕಲಸಿ ಮಾಡಿರೋದು, ಅದನ್ನ ರಾತ್ರಿಯೆಲ್ಲ ಉಜ್ಜಿದ್ರೂ ಒಳಗೂ ಅದೇ ಬಣ್ಣ. ಇನ್ನೊಂದು, ಒಳಗೆ ಬಿಳಿ ಇದ್ದು ಮೇಲೆ ಮಾತ್ರ ಬಣ್ಣ ಇರೋದು, ವಿಡಿಯೋದೋರು ತೋರ್ಸೋದು ಇದನ್ನ. ಒಳಗೆ ಬೇರೆ ಬಣ್ಣ ಇರೋವೂ ಇವೆ, ಮೇಲೆ ಕಡುನೀಲಿ ಒಳಗೆ ತಿಳಿನೀಲಿ ಹಂಗೆ. ಅಂಗಡೀಲಿ ಗುರುತು ಹಿಡಿಯೋದು ಸುಲಭ, ಒಂದು ಚೂರು ಕೇಳಿ ಮೂಲೆ ಹರಿದು ನೋಡು, ಹರಿದ ಕಡೆ ಬಿಳಿ ಕಂಡ್ರೆ ತಗೋ, ಕೆಂಪೇ ಕಂಡ್ರೆ ವಾಪಸ್ ಇಡು. ಚಾರ್ಟ್ ಪೇಪರಲ್ಲಿ ಸುಮಾರು ತಿರುಳಲ್ಲೇ ಬಣ್ಣ ಇರೋವೇ ಸಿಗೋದು.

ನಾನು ಮಾಡೋ ಉಪಾಯ ಹೇಳ್ತೀನಿ. ಜೆರಾಕ್ಸ್ ಅಂಗಡೀಲಿ ದಪ್ಪ ಬಿಳಿ ಹಾಳೆ ಮೇಲೆ ನಮಗೆ ಬೇಕಾದ ಬಣ್ಣ, ಹೂವು, ಸೀರೆ ಅಂಚಿನ ಡಿಸೈನ್ ಏನಾದ್ರೂ ಕಲರ್ ಲೇಸರ್ ಪ್ರಿಂಟ್ ಹಾಕಿಸ್ಕೊಂಡ್ ಬರ್ತೀನಿ. ಲೇಸರ್ ಪ್ರಿಂಟಲ್ಲಿ ಟೋನರ್ ಪುಡಿ ಹಾಳೆ ಮೇಲೆ ಕರಗಿ ಕೂತಿರುತ್ತೆ ಅಷ್ಟೇ, ಒಳಗೆ ಇಳಿದಿರಲ್ಲ, ಎರಡು ಸಲ ಉಜ್ಜೋದ್ರೊಳಗೆ ಬಿಳಿ ಬರುತ್ತೆ. 220 ಜಿಎಸ್‌ಎಮ್ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ) ಮೇಲಿನ ಹಾಳೆ ಕೇಳು, ತೆಳು ಹಾಳೆ ತಡ್ಕೊಳಲ್ಲ. ಮೇಲೆ ಲ್ಯಾಮಿನೇಶನ್ ಬೇಡ ಅಂತ ಮೊದ್ಲೇ ಹೇಳ್ಬಿಡು, ಪ್ಲಾಸ್ಟಿಕ್ ಪದರ ಇದ್ರೆ ಉಜ್ಜಿದಾಗ ಬಿಸಿಲಿಗೆ ಸುಟ್ಟ ಚರ್ಮದ ತರ ಸುಲ್ಕೊಂಡು ಬರುತ್ತೆ.

ಈಗ ಆ 80. ಅಯ್ಯೋ, ಅದು ಬಾಗ್ಲು ಕಿಟಕಿಗೆ. ನಂಬರ್ ಜಾಸ್ತಿ ಆದಷ್ಟೂ ಕಾಳು ಸಣ್ಣ ಅಂತ ನೆನಪಿಟ್ಕೋ, 80 ಅಂದ್ರೆ ಬನ್ಸಿ ರವೆ, 220 ಚಿರೋಟಿ ರವೆ, 400 ಮೈದಾ. ಕಾಗದದ ಕೆಲಸ ಎಲ್ಲ ಚಿರೋಟಿ ರವೆಯಿಂದ ಮೈದಾ ಒಳಗೇ ಮುಗಿಯುತ್ತೆ. ಅಂಚಿಗೆ 220, ಮೇಲ್ಮೈಗೆ 320, ಕೊನೇಲಿ ನಯ ಮಾಡೋಕೆ 400. ಕಿಟಕಿ ತರ ಕತ್ತರಿಸಿದ ಜಾಗದ ಒಳಗಡೆಗೆ ಉಗುರು ಉಜ್ಜೋ ಕಡ್ಡಿ ಇದ್ಯಲ್ಲ ಅದಕ್ಕಿಂತ ಒಳ್ಳೇದಿಲ್ಲ, ಇಲ್ಲಾಂದ್ರೆ ಐಸ್‌ಕ್ರೀಮ್ ಕಡ್ಡಿಗೆ ಸ್ಯಾಂಡ್ ಪೇಪರ್ ಚೂರು ಅಂಟಿಸ್ಕೋ.

ಉಜ್ಜೋವಾಗ ಹಿಂದೆ ಮುಂದೆ ಗರಗಸ ಎಳೆದಂಗೆ ಎಳೀಬೇಡ. ಹಾಳೇನ ಮೇಜಿನ ಅಂಚಿಗೆ ಸಮ ಇಟ್ಟು ಎಡಗೈಲಿ ಒತ್ತಿ ಹಿಡ್ಕೊಂಡು ಒಳಗಿಂದ ಹೊರಕ್ಕೆ ಮಾತ್ರ, ಒಂದೇ ದಿಕ್ಕಿಗೆ, ಹಗುರಕ್ಕೆ. ಆಮೇಲೂ ಸ್ವಲ್ಪ ನಾರು ಏಳುತ್ತೆ. ನಾನು ಹಿಂದೆ ಮೈಸೂರು ಸಾಂಪ್ರದಾಯಿಕ ಚಿತ್ರ ಕಲೀತಿದ್ದಾಗ, ಹಲಗೆ ಮೇಲೆ ಅಂಟಿಸಿದ ಹಾಳೇನ ನುಣುಪು ಕಲ್ಲಲ್ಲಿ ಉಜ್ಜಿ ಉಜ್ಜಿ ಕನ್ನಡಿ ತರ ಮಾಡಿಸೋರು, ಆಗ ಬೇಜಾರ್ ಆಗೋದು, ಈಗ ಅದೇ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತು. ಉಜ್ಜಿದ ಅಂಚಿನ ಮೇಲೆ ಬಟರ್ ಪೇಪರ್ ಇಟ್ಟು ಸ್ಟೀಲ್ ಚಮಚದ ಬೆನ್ನಲ್ಲಿ ನಾಕು ಸಲ ಒತ್ತಿ ಎಳಿ, ಎದ್ದಿದ್ದ ನಾರೆಲ್ಲ ಮಲಗುತ್ತೆ.

ಹಾಳೆ ಮೇಲೆ ಉಬ್ಬು ಡಿಸೈನ್ ಒತ್ತೋ ಮಷೀನ್ ಇಲ್ದೇನೇ ಡಿಸೈನ್ ಬೇಕು ಅಂದ್ರೆ ಮನೇಲಿ ರಂಗೋಲಿ ಅಚ್ಚಿನ ತಟ್ಟೆ ಇದ್ಯಾ, ತೂತು ತೂತು ಇರೋ ತಗಡಿಂದು? ಅದನ್ನ ಒಳಗೆ ಬಿಳಿ ಇರೋ ಹಾಳೆ ಅಡಿಗಿಟ್ಟು ಬೆರಳಲ್ಲಿ ಚೆನ್ನಾಗಿ ಒತ್ತಿ, 320 ಚೂರನ್ನ ಒಂದು ರಬ್ಬರಿಗೆ ಸುತ್ತಿ ಮೇಲೆ ಹಗುರಕ್ಕೆ ಸವರು. ತೂತಿನ ಏಣು ತಾಗಿದ ಕಡೆ ಮಾತ್ರ ಬಣ್ಣ ಹೋಗಿ ಪೂರ್ತಿ ರಂಗೋಲಿ ಮೂಡುತ್ತೆ. ನಾನು ಬೊಂಬೆ ಹಬ್ಬಕ್ಕೆ ಆರತಿಗೆ ಕರೆಯೋ ಕಾರ್ಡೆಲ್ಲ ಹಿಂಗೇ ಮಾಡಿದ್ದು. ಇನ್ನೊಂದು ಇನ್ನೂ ಸುಲಭ, ಹಾಳೆಗೆ ಸ್ವಲ್ಪ ನೀರು ಚಿಮುಕಿಸಿ ಮುದ್ದೆ ಮಾಡಿ ಬಿಡಿಸಿ, ಪೂರ್ತಿ ಒಣಗಿದ್ಮೇಲೆ ಸವರು, ಮಡಿಕೆ ಬಿದ್ದ ಗೆರೆ ಅಷ್ಟೂ ಬಿಳಿ ಆಗುತ್ತೆ, ನೂರು ವರ್ಷದ ಪತ್ರ ತರ ಕಾಣುತ್ತೆ.

ಉಳಿಬಾಚಿ, ಮದ್ದೂರು

ಅಕ್ಕ ಕಾಗದದ್ದು ಯೋಳವ್ರೆ, ನಾನು ರಟ್ಟಿಂದು ಯೋಳ್ತೀನಿ, ನಂದು ಮರಗೆಲ್ಸ. ಮೇಡಂ ನೀವು ಅಂಟು ಒಣಗಕ್ಕೆ ಬುಡದೆ ಉಜ್ಜಿದ್ದೀರ, ಅದಕ್ಕೇ ಕಿತ್ಕಂಡ್ ಬಂದದ್ದು. ನಾವು ಪ್ಲೈವುಡ್ ಮೇಲೆ ಸನ್‌ಮೈಕಾ ಹಾಕಿ ಅಂಚು ಫೈಲ್ ಹೊಡಿತೀವಲ್ಲ, ನಿಮ್ದೂ ಅದೇ ಕೆಲ್ಸ ಕಣ್ರೀ, ಸೈಜ್ ಸಣ್ಣದು ಅಷ್ಟೇಯ. ಪೇಪರ್ ರಟ್ಟಿಗಿಂತ ಒಂದು ಕಡ್ಲೆಕಾಳಷ್ಟು ದೊಡ್ಡದಾಗಿ ಕತ್ತರಿಸಿ, ಫೆವಿಕಾಲ್ ತೆಳ್ಳಗೆ ಅಂಚಿನ್ ಗಂಟ ಸವರಿ, ಅಂಚಲ್ಲಿ ಅಂಟಿಲ್ಲ ಅಂದ್ರೆ ಮುಗೀತು, ಅಲ್ಲಿಂದ್ಲೇ ಏಳದು. ಅಂಟಿಸಿ ಮೇಲೆ ಭಾರ ಏರಿ ರಾತ್ರಿ ಪೂರ್ತಿ ಬುಟ್ಬುಡಿ, ಈ ಮಳೆ ತಂಡಿಗೆ ಇನ್ನೊಂದ್ ಅರ್ಧ ದಿನ ಜಾಸ್ತಿನೇ ಆಗ್ಲಿ.

ಬೆಳಗ್ಗೆ ಎದ್ದು ಸ್ಯಾಂಡ್ ಪೇಪರ್ನ ಬೆರಳಿಗೆ ಸುತ್ಕಬೇಡಿ, ಬೆರಳು ಮೆತ್ತಗೆ, ಅಂಚೆಲ್ಲ ಗುಂಡಗಾಯ್ತದೆ. ಒಂದು ಚಪ್ಪಟೆ ಮರದ ತುಂಡಿಗೆ ಸುತ್ಕಳಿ, ಬೆಂಕಿಪೊಟ್ಣ ಸೈಜಿಂದು ಸಾಕು. ರಟ್ಟಿನ ಅಂಚಿಗೆ ಓರೆಯಾಗಿ ಹಿಡ್ಕಂಡು ಮೇಲಿಂದ ಕೆಳಕ್ಕೆ ಮಾತ್ರ ಒತ್ತಿ ತಳ್ಳಿ. ಮೇಲಕ್ಕೆ ಎಳಿಯಂಗೇ ಇಲ್ಲ, ಎಳೆದ್ರೆ ಪೇಪರ್ನ ನೀವೇ ಕಿತ್ತಂಗೆ. ನಾಕೈದು ಸಲ ತಳ್ಳೋದ್ರೊಳಗೆ ಹೊರಗೆ ಚಾಚಿದ್ದ ಪೇಪರ್ ಬ್ಲೇಡಲ್ಲಿ ಕುಯ್ದಂಗೆ ತಾನೇ ಉದುರೋಯ್ತದೆ, ಅಂಚಲ್ಲಿ ಸಣ್ಣಕೆ ಬಿಳಿ ಗೆರೆನೂ ಬತ್ತದೆ, ಎಲ್ಡು ಕೆಲ್ಸ ಒಂದೇ ಏಟಿಗೆ. ಇದಕ್ಕೆ 180 ಇಲ್ಲ 220.

ಇನ್ನೊಂದು, ಪೇಂಟ್ ಅಂಗಡೀಲಿ ವಾಟರ್ ಪೇಪರ್ ಅಂತ ಕರ್ರಗೆ ಇರದು ಕೊಡ್ತಾರೆ, ಗಾಡಿ ಪೇಂಟ್ ಮಾಡೋರು ನೀರಾಕಿ ಉಜ್ಜದು. ತಿಳಿ ಬಣ್ಣದ ಹಾಳೆಗೆ ಅದನ್ನ ಮುಟ್ಟಿಸ್ಬೇಡಿ, ಕರಿ ಮಸಿ ಕೂತ್ಬುಡ್ತದೆ. ಕಂದು ಬಣ್ಣದ್ದೋ ಬಿಳೀದೋ ಕೇಳಿ ತಗಳಿ. ನಮ್ಮಣ್ಣನ ಮಗಳ ಸ್ಕೂಲ್ ಪ್ರಾಜೆಕ್ಟಿಗೆ ನಾನೇ ದೊಡ್ಡದಾಗಿ ಆ ಕರೀದ್ರಲ್ಲಿ ಉಜ್ಜಿಕೊಟ್ಟು, ಬಿಳಿ ತಾಜ್‌ಮಹಲು ಸಿಮೆಂಟ್ ತಾಜ್‌ಮಹಲ್ ಆಗಿ, ಮಗಾ ಎರಡು ದಿನ ಮಾತಾಡಿಸ್ನಿಲ್ಲ.

ಸುಮ್ನೆಬಂದೆ

ಇಷ್ಟೆಲ್ಲ ಯಾಕ್ರೀ, ಟೀ ಡಿಕಾಕ್ಷನ್‌ನಲ್ಲಿ ಹಾಳೆ ಅದ್ದಿ ಒಣಗಿಸಿದ್ರೆ ಹಳೇದಾಗಿ ಕಾಣುತ್ತಪ್ಪ. ಹೊಸದನ್ನ ಕಷ್ಟಪಟ್ಟು ಹಾಳ್ ಮಾಡೋದಕ್ಕೆ ಒಂದು ಚರ್ಚೆ ಬೇರೆ.

ಅಗ್ರಹಾರದಕ್ಕ, ಮೈಸೂರು

ಟೀ ನಾಟಕದ ಪತ್ರಕ್ಕೆ ಸರಿ, ಫೋಟೋ ಇಡೋ ಆಲ್ಬಮ್ಮಿಗೆ ಬೇಡ. ಒದ್ದೆ ಮಾಡಿದ ಹಾಳೆ ಹಪ್ಪಳದ ತರ ಸುರುಟ್ಕೊಳುತ್ತೆ, ಟೀಲಿರೋ ಹುಳಿ ಅಂಶ ಹಾಳೇಲೇ ಉಳ್ಕೊಂಡು ಪಕ್ಕದಲ್ಲಿರೋ ಫೋಟೋಗೂ ಒಳ್ಳೇದಲ್ಲ. ಬಣ್ಣ ಬೇಕೇ ಬೇಕು ಅಂದ್ರೆ ಮೊದ್ಲು ಅಂಚು ಉಜ್ಜಿ, ಆಮೇಲೆ ಒಂದು ಚೂರು ಸ್ಪಂಜಿಗೆ ಕಂದು ಸ್ಟ್ಯಾಂಪ್ ಪ್ಯಾಡ್ ಇಂಕ್ ತಗೊಂಡು ಅಂಚಿಗೆ ಒತ್ತಿ. ಉಜ್ಜಿದ ಕಡೆ ನಾರು ಬಿಚ್ಕೊಂಡಿರೋದ್ರಿಂದ ಇಂಕು ಅಲ್ಲೇ ಜಾಸ್ತಿ ಹೀರುತ್ತೆ, ಉಜ್ಜದ ಕಡೆ ತಿಳಿಯಾಗಿ ನಿಲ್ಲುತ್ತೆ. ಮೊದ್ಲು ಇಂಕ್ ಹಾಕಿ ಆಮೇಲೆ ಉಜ್ಜಿದ್ರೆ ಹಾಕಿದ ಇಂಕೇ ಹೋಗುತ್ತೆ, ಅದೂ ಒಂದು ತರ ಚೆಂದ, ಆದ್ರೆ ಬೇರೆ ತರ. ಇನ್ನು ಹೊಸದನ್ನ ಹಾಳ್ ಮಾಡೋದು ಅಂದ್ರಲ್ಲ, ಹರಿದ ಜೀನ್ಸ್ ಪ್ಯಾಂಟಿಗೆ ಡಬಲ್ ದುಡ್ಡು ಕೊಡೋರ್ನ ಕೇಳಿ ಹೋಗಿ ಸ್ವಾಮಿ.

ಕಬ್ಬಿನಗದ್ದೆ, ಮಂಡ್ಯ

ಅಕ್ಕ, ಅಣ್ಣ, ತುಂಬಾ ಥ್ಯಾಂಕ್ಸ್. ಮೂಲೆ ಹರಿದು ನೋಡಿದೆ, ಒಳಗೂ ಕೆಂಪೇ! ಮೂರು ದಿನದಿಂದ ನಾನು ಉಜ್ಜಿದ್ದು ನೆನೆಸ್ಕೊಂಡ್ರೆ ನಗು ಬರುತ್ತೆ. ಈಗ ಒಂದು ತಪ್ಪು ಒಪ್ಕೋಬೇಕು. ನಿಮ್ಮ ಉತ್ತರ ಬರೋಕೆ ಮುಂಚೆನೇ ಆತುರ ತಡೀದೆ ಒಂದು ಫೋಟೋ ಅಂಚು ಉಜ್ಜಿಬಿಟ್ಟೆ. ಬೃಂದಾವನದ ಕಾರಂಜಿ ಮುಂದೆ ಅಮ್ಮ ಒಬ್ಳೇ ನಿಂತಿರೋದು, ಕಲರ್ ಪ್ರಿಂಟು. ಬಿಳಿ ಬರುತ್ತೆ ಅಂದ್ಕೊಂಡ್ರೆ ಮೊದ್ಲು ಇಟ್ಟಿಗೆ ಕೆಂಪು ಬಂತು, ಭಯ ಆಗಿ ಇನ್ನೊಂದ್ ಸಲ ಉಜ್ಜಿದೆ, ಹಳದಿ ಬಂತು, ಅಲ್ಲಿಗೇ ನಿಲ್ಲಿಸ್ಬಿಟ್ಟೆ. ಒಂದು ಮೂಲೆ ಅಷ್ಟೇ, ಅಮ್ಮನ ಸೆರಗಿಗೆ ಇನ್ನೂ ಅರ್ಧ ಇಂಚು ದೂರ ಇದೆ. ಏನಾಗಿದೆ ಅದಕ್ಕೆ? ಸರಿ ಮಾಡ್ಬೋದಾ?

ಕೆಂಪುಲೈಟು, ಮೈಸೂರು

ಹಿಂದೆ ಫೋಟೋ ಲ್ಯಾಬಲ್ಲಿ ಕೆಲ್ಸ ಮಾಡ್ತಿದ್ದೆ, ಅದಕ್ಕೇ ಇದನ್ನ ನೋಡಿ ಉತ್ತರ ಬರೀದೆ ಇರೋಕಾಗ್ಲಿಲ್ಲ. ಕಲರ್ ಪ್ರಿಂಟಲ್ಲಿ ಬಣ್ಣ ಮೂರು ಪದರವಾಗಿ ಕೂತಿರುತ್ತೆ ಮೇಡಂ, ಎಲ್ಲಕ್ಕಿಂತ ಮೇಲೆ ಸಯಾನ್ ಅಂತ ಹಸಿರು ಕಲೆತ ನೀಲಿ, ನಡುವೆ ಮಜೆಂತಾ, ತಳದಲ್ಲಿ ಹಳದಿ, ಅದರ ಕೆಳಗೆ ಬಿಳಿ ಕಾಗದ. ನೀವು ಮೊದ್ಲು ಉಜ್ಜಿದಾಗ ಸಯಾನ್ ಹೋಯ್ತು, ಉಳಿದ ಮಜೆಂತಾ ಹಳದಿ ಎರಡೂ ಸೇರಿ ಇಟ್ಟಿಗೆ ಕೆಂಪು ಕಾಣ್ತು, ಎರಡನೇ ಸಲಕ್ಕೆ ಮಜೆಂತಾನೂ ಹೋಗಿ ಹಳದಿ ಉಳೀತು, ಮೂರನೇ ಸಲ ಉಜ್ಜಿದ್ರೆ ಬಿಳಿನೇ ಬರ್ತಿತ್ತು. ಬ್ಲಾಕ್ ಅಂಡ್ ವೈಟ್ ಪ್ರಿಂಟಲ್ಲಿ ಈ ಆಟ ಇಲ್ಲ, ಅಲ್ಲಿ ಚಿತ್ರ ಇರೋದು ಒಂದೇ ಪದರದಲ್ಲಿ, ನೇರ ಬಿಳಿಗೇ ಬೀಳುತ್ತೆ. ಹೋದ ಪದರ ವಾಪಸ್ ಬರಲ್ಲ. ಆ ಮೂಲೆಗೆ ಸ್ಕೆಚ್ ಪೆನ್ನು, ನೀರು, ಅಂಟು ಏನೂ ಹಚ್ಚೋಕೆ ಹೋಗ್ಬೇಡಿ, ಮೇಲ್ಪದರ ಜೆಲಟಿನ್ನು, ಒದ್ದೆ ಆದ್ರೆ ಉಬ್ಬುತ್ತೆ, ಈ ಮಳೆಗಾಲದಲ್ಲಿ ಬೂಷ್ಟು ಬೇರೆ ಹಿಡಿಯುತ್ತೆ.

ಅಸಲಿ ಫೋಟೋ ಯಾವ್ದನ್ನೂ ಇನ್ಮೇಲೆ ಉಜ್ಜಬೇಡಿ, ಕೈ ಮುಗೀತೀನಿ. ಎಲ್ಲಾನೂ ಸ್ಕ್ಯಾನ್ ಮಾಡಿಸಿ, ಅದೇ ಸೈಜಿಗೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ) ಸಾಕು, ದೊಡ್ಡದು ಬೇಕಾದ್ರೆ 600. ಆ ಮೂಲೆನ ಕಂಪ್ಯೂಟರಲ್ಲಿ ಸರಿ ಮಾಡೋದು ಐದು ನಿಮಿಷದ ಕೆಲ್ಸ. ಪ್ರಿಂಟ್ ಹಾಕಿಸಿ ಆ ಕಾಪಿನ ಉಜ್ಜಿ. ಆದ್ರೆ ಒಂದು ಮಾತು, ಕಾಪಿನೂ ಲ್ಯಾಬಿನ ಫೋಟೋ ಪೇಪರಲ್ಲೇ ಹಾಕಿಸಿದ್ರೆ ಮತ್ತೆ ಅದೇ ಕೆಂಪು ಹಳದಿ ಬಿಳಿ ಬರುತ್ತೆ, ನಂಗೇನೋ ಅದು ಇಷ್ಟ, ಮೂರು ಬಣ್ಣದ ಜರಿ ಅಂಚಿನ ತರ ಇರುತ್ತೆ. ನಿಮಗೆ ಬರೀ ಬಿಳಿ ಬೇಕು ಅಂದ್ರೆ ಅಕ್ಕ ಹೇಳಿದಂಗೆ ದಪ್ಪ ಹಾಳೆ ಮೇಲೆ ಲೇಸರ್. ಉಜ್ಜೋವಾಗ ಸ್ಟೀಲ್ ಸ್ಕೇಲನ್ನ ಚಿತ್ರದ ಮೇಲೆ ಅಡ್ಡ ಇಟ್ಟು ಹೊರಗೆ ಕಾಣೋ ಅಂಚನ್ನ ಮಾತ್ರ ಉಜ್ಜಿ, ಆಗ ಮುಖದ ತನಕ ಕೈ ಜಾರಲ್ಲ.

ರಟ್ಟುಹೊಲಿಗೆ, ಶ್ರೀರಂಗಪಟ್ಟಣ

ಬೈಂಡಿಂಗ್ ಮಾಡೋನು ನಾನು, ತಡವಾಗಿ ನೋಡಿದೆ. ಎಲ್ಲರೂ ಸರಿಯಾಗೇ ಹೇಳಿದಾರೆ, ತಂಡಿ ವಿಷಯ ಮಾತ್ರ ಒಬ್ರು ಮುಟ್ಟಿ ಬಿಟ್ಬಿಟ್ರು, ಅದನ್ನ ಸ್ವಲ್ಪ ಜಾಸ್ತಿ ಹೇಳ್ತೀನಿ. ಆಷಾಢದ ಗಾಳೀಲಿ ಕಾಗದ ನೀರು ಹೀರ್ಕೊಂಡು ಮೆತ್ತಗಾಗಿರುತ್ತೆ, ನಿಮ್ಮ ಕಡೆ ಗದ್ದೆ ನಾಲೆ ಪಕ್ಕ ಮನೆ ಆದ್ರೆ ಕೇಳೋದೇ ಬೇಡ. ಮೆತ್ತಗಿರೋ ಹಾಳೆ ಉಜ್ಜಿದ್ರೆ ಪುಡಿ ಉದುರಲ್ಲ, ಉಂಡೆ ಉಂಡೆಯಾಗಿ ಸುತ್ಕೊಳುತ್ತೆ, ಎಂಥಾ ಒಳ್ಳೇ ಸ್ಯಾಂಡ್ ಪೇಪರ್ ಆದ್ರೂ ಅಷ್ಟೇ. ಬೆರಳಲ್ಲಿ ಮೂಲೆ ತಟ್ಟಿ ನೋಡಿ, ಹಪ್ಪಳದಂಗೆ ಟಕ್ ಅಂದ್ರೆ ಉಜ್ಜಿ, ಸದ್ದೇ ಬರ್ಲಿಲ್ಲ ಅಂದ್ರೆ ಎರಡು ಬಿಳಿ ಹಾಳೆ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆ ಕಮ್ಮಿ ಬಿಸೀಲಿ ಎಳೀರಿ. ಸ್ಟೀಮ್ ಬೇಡ. ನ್ಯೂಸ್ ಪೇಪರ್ ಬೇಡ, ಮಸಿ ಹತ್ಕೊಳುತ್ತೆ. ಟೋನರ್ ಇರೋ ಲೇಸರ್ ಪ್ರಿಂಟಿಗೆ ಇದನ್ನ ಮಾಡ್ಬೇಡಿ, ಬಿಸಿಗೆ ಟೋನರ್ ಅಂಟ್ಕೊಳುತ್ತೆ, ಪ್ರಿಂಟ್ ಹಾಕ್ಸೋಕೆ ಮೊದ್ಲೇ ಹಾಳೆ ಒಣಗಿರ್ಲಿ.

ಆಮೇಲೆ ಮರಕ್ಕಿದ್ದಂಗೆ ಕಾಗದಕ್ಕೂ ನಾರಿನ ದಿಕ್ಕು ಇರುತ್ತೆ. ಹಾಳೇನ ಉದ್ದಕ್ಕೊಂದು ಸಲ ಅಡ್ಡಕ್ಕೊಂದು ಸಲ ಹಗುರಾಗಿ ಬಗ್ಗಿಸಿ, ಯಾವ ಕಡೆ ಜಗ್ಗದೆ ಸಲೀಸಾಗಿ ಬಗ್ಗುತ್ತೋ ಆ ಮಡಿಕೆ ಉದ್ದಕ್ಕೇ ನಾರು ಓಡಿದೆ ಅಂತ. ಮೇಲ್ಮೈ ಸವರೋವಾಗ ಆ ದಿಕ್ಕಿಗೇ ಸವರಿದ್ರೆ ನಾರು ಕಮ್ಮಿ ಏಳುತ್ತೆ.

ಆಲ್ಬಮ್ ಹಾಳೆಗಳೆಲ್ಲ ಒಂದೊಂದಾಗಿ ಉಜ್ಜೋಕೆ ಹೋಗ್ಬೇಡಿ, ವರ್ಷ ಹಿಡಿಯುತ್ತೆ. ನಾವು ಪುಸ್ತಕದ ಅಂಚು ಉಜ್ಜೋದು ಹೆಂಗೆ ಅಂದ್ರೆ, ಹಾಳೆ ಅಷ್ಟೂ ಸಮ ಕುಟ್ಟಿ ಪ್ರೆಸ್ಸಲ್ಲಿ ಬಿಗಿದು, ಅಂಚು ಒಂದೇ ಒಂದು ಮರದ ದಿಮ್ಮಿ ಅನ್ನೋ ಹಂಗೆ ಮಾಡಿ ಉಜ್ತೀವಿ. ನೀವು ಎರಡು ಹಲಗೆ ನಡುವೆ ಇಟ್ಟು ಮರಗೆಲಸದೋರ ಕ್ಲಾಂಪ್ ಎರಡು ಹಾಕಿ ಬಿಗೀರಿ, ಮೊದ್ಲು 180, ಆಮೇಲೆ 320, ಹತ್ತು ನಿಮಿಷಕ್ಕೆ ಇಡೀ ಆಲ್ಬಮ್ ಮುಗೀತು. ಕೊನೇದು ಧೂಳು. ಉಜ್ಜಿದ್ಮೇಲೆ ಒಣ ಬ್ರಶ್ಶಲ್ಲಿ ಪೂರ್ತಿ ಒರೆಸದೆ ಅಂಟು ಹಚ್ಚಿದ್ರೆ ಅಂಟು ಹಿಡಿಯೋದು ಧೂಳನ್ನ, ಕಾಗದಾನ ಅಲ್ಲ, ಆರು ತಿಂಗಳಿಗೆ ಬಿಟ್ಕೊಳುತ್ತೆ. ಬಾಯಲ್ಲಿ ಊದ್ಬೇಡಿ, ಎಂಜಲು ಬೀಳುತ್ತೆ, ಧೂಳು ನಿಮ್ಮ ಮೂಗಿಗೇ ವಾಪಸ್ ಬರುತ್ತೆ, ಮಾಸ್ಕ್ ಹಾಕ್ಕೊಳಿ. ನುಣುಪು ಹಾಳೆ ಅಂಟ್ತಾ ಇಲ್ಲ ಅಂದ್ರೆ ಬೆನ್ನಿಗೆ 320 ಒಂದು ಸಲ ಸವರಿ ನೋಡಿ, ಒರಟಾದ್ರೆ ಅಂಟು ಕಚ್ಕೊಳುತ್ತೆ.

ಕಬ್ಬಿನಗದ್ದೆ, ಮಂಡ್ಯ

ಎಲ್ರಿಗೂ ಅಪ್‌ಡೇಟ್. ಮೈಸೂರಿಗೆ ಹೋದಾಗ ಒಳಗೆ ಬಿಳಿ ಇರೋ ಹಾಳೆ ಸಿಕ್ತು, ಅಂಗಡೀಲೇ ಮೂಲೆ ಹರಿದು ನೋಡೇ ತಗೊಂಡೆ, ಅವ್ರು ಗುರಾಯಿಸಿದ್ರು, ಪರ್ವಾಗಿಲ್ಲ. ಇಸ್ತ್ರಿ ಹಾಕಿ 220ರಲ್ಲಿ ಒಂದೇ ದಿಕ್ಕಿಗೆ ಉಜ್ಜಿದೆ, ಎಳೆ ಎಳೆಯಾಗಿ ಬಿಳಿ ಬಂತು, ಚಮಚದಲ್ಲಿ ಒತ್ತಿದ್ಮೇಲೆ ಮುಟ್ಟಿದ್ರೆ ರೇಷ್ಮೆ ಸೀರೆ ಮಡಿಕೆ ಹಂಗಿದೆ. ರಂಗೋಲಿ ತಟ್ಟೆದು ಮೊದಲನೇ ಸಲ ಒತ್ತಿದ್ದು ಜಾಸ್ತಿಯಾಗಿ ಹಾಳೆ ತೂತಾಯ್ತು, ಎರಡನೇದು ಚೆನ್ನಾಗ್ ಬಂತು, ಕವರ್ ಪೇಜಿಗೆ ಅದೇ. ರಟ್ಟಿಂದು ಉಳಿಬಾಚಿ ಅಣ್ಣ ಹೇಳಿದಂಗೆ ರಾತ್ರಿಯೆಲ್ಲ ಬಿಟ್ಟೆ, ಮೇಲಿಂದ ಕೆಳಕ್ಕೆ ತಳ್ಳಿದ್ರೆ ಪೇಪರ್ ಚೂರು ರಿಬ್ಬನ್ ತರ ಉದುರ್ತು, ಆ ಸದ್ದು ಕೇಳೋಕೇ ಇನ್ನೊಂದು ರಟ್ಟು ಅಂಟಿಸೋಣ ಅನ್ನಿಸ್ತು. ಕಾರಂಜಿ ಫೋಟೋ ಸ್ಕ್ಯಾನ್ ಮಾಡಿಸಿ ಲ್ಯಾಬಲ್ಲೇ ಪ್ರಿಂಟ್ ಹಾಕಿಸ್ದೆ, ಕಾಪಿ ಅಂಚು ಬೇಕಂತಲೇ ಕೆಂಪು ಹಳದಿ ಬಿಳಿ ಬರೋ ಹಂಗೆ ಉಜ್ಜಿದೆ, ಕೆಂಪುಲೈಟು ಅವ್ರೇ, ನಿಜವಾಗ್ಲೂ ಜರಿ ಅಂಚು.

ಲಗ್ನಪತ್ರಿಕೆ ಮಾತ್ರ ಉಜ್ಜಲಿಲ್ಲ. ಕೈಗೆತ್ಕೊಂಡು ನೋಡಿದ್ರೆ ಮೂಲೇಲಿ ಆಗ ಹಚ್ಚಿದ್ದ ಅರಿಶಿನ ಇನ್ನೂ ಹಂಗೇ ಇದೆ, ಮಡಿಕೆ ತಾನೇ ಸವೆದು ಬಿಳಿಯಾಗಿದೆ. ಒಂದು ಕವರಿಗೆ ಹಾಕಿ ಹಂಗೇ ಇಟ್ಟೆ. ಈ 80 ನಂಬರ್ ಸ್ಯಾಂಡ್ ಪೇಪರ್ ಮುಕ್ಕಾಲು ಉಳಿದಿದೆ, ಏನ್ ಮಾಡ್ಲಿ ಇದನ್ನ?

ಉಳಿಬಾಚಿ, ಮದ್ದೂರು

ಎಸಿಬ್ಯಾಡಿ, ಕಬ್ಬು ಕಡಿಯೋ ಮಚ್ಚಿನ ತುಕ್ಕು ಬುಡ್ಸಕ್ಕೆ ನಿಮ್ಮಪ್ಪಾಜಿಗೆ ಕೊಡಿ.